ಮಗಳ ಕೆಂಪು ಕೆನ್ನೆ, ನನ್ನ ಬೆರಳ ನೋವು

ಮಹಿಳಾ ವಿಭಾಗದವರು ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಾಗ ನನಗೇ ನಗು ಬಂತು. ನಾನು ಡಾಕ್ಟರ್ ಅಲ್ಲ, ಎಂ.ಟೆಕ್. ಮುಗಿಸಿ ಇಲ್ಲಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದರೂ ಒಪ್ಪಿಕೊಂಡೆ. ಕಳೆದ ವರ್ಷ ಒಂದು ವೈರಸ್ ನಮ್ಮ ಇಡೀ ಮನೆಯನ್ನು ಹೆದರಿಸಿ ಹೋಯಿತು, ಅದನ್ನು ಹೇಳೋಣ ಅನ್ನಿಸಿತು.

ಮೊದಲು ಬಂದದ್ದು ಆರು ವರ್ಷದ ಮಗಳಿಗೆ. ಸ್ವಲ್ಪ ನೆಗಡಿ, ಒಂದು ದಿನ ಸಣ್ಣ ಜ್ವರ. ವಾರ ಕಳೆದ ಮೇಲೆ ಎರಡೂ ಕೆನ್ನೆ ಯಾರೋ ಹೊಡೆದ ಹಾಗೆ ಕೆಂಪಾದವು. ತೋಳಿನ ಮೇಲೆ ಬಲೆಯಂಥ ಗುಲಾಬಿ ಗೆರೆಗಳು. ಅತ್ತೆಯವರು “ಉಷ್ಣ ಆಗೇದ, ಮಜ್ಜಿಗಿ ಕೊಡು” ಅಂದರು. ಕೊಟ್ಟೆ. ಮಗಳು ಆಡಿಕೊಂಡೇ ಇದ್ದಳು, ನಾವೂ ಮರೆತೆವು.

ಹತ್ತು ದಿನಕ್ಕೆ ನನ್ನ ಸರದಿ. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳಿನ ಗೆಣ್ಣುಗಳು ಬಾತುಕೊಂಡು ಬಿಗಿದಿರುತ್ತಿದ್ದವು. ಡಬ್ಬಿ ಮುಚ್ಚಳ ತೆಗೆಯಲಾರೆ, ಚಪಾತಿ ಲಟ್ಟಿಸಲಾರೆ, ಕೀಬೋರ್ಡ್ ಮುಟ್ಟಿದರೆ ಕಣ್ಣಲ್ಲಿ ನೀರು. ರಕ್ತಪರೀಕ್ಷೆಯಲ್ಲಿ ಆರ್.ಎ. ಫ್ಯಾಕ್ಟರ್ ಸ್ವಲ್ಪ ಹೆಚ್ಚು ಬಂತು. ಮೊದಲು ನೋಡಿದ ಡಾಕ್ಟರ್, ಸಂಧಿವಾತ ಇರಬಹುದು, ವರ್ಷಗಟ್ಟಲೆ ಔಷಧಿ ಬೇಕಾದೀತು ಎಂದರು. ಮೂವತ್ತಾರನೇ ವಯಸ್ಸಿಗೆ! ಆ ರಾತ್ರಿ ಕೆಲಸ ಬಿಟ್ಟರೆ ಹೇಗೆ, ಮನೆ ಸಾಲದ ಕಂತು ಹೇಗೆ ಎಂದು ಲೆಕ್ಕ ಹಾಕುತ್ತಾ ಕೂತೆ.

ಸೆಕೆಂಡ್ ಒಪಿನಿಯನ್‌ಗೆಂದು ಹೋದಾಗ ಹಿರಿಯ ಡಾಕ್ಟರ್ ಕೈ ನೋಡಿ ಕೇಳಿದರು: “ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ? ಈಚೆಗೆ ಕೆನ್ನೆ ಕೆಂಪಾಗಿತ್ತಾ?”

ಪಾರ್ವೊವೈರಸ್ ಬಿ19. ಐಜಿಎಂ ಪರೀಕ್ಷೆ ಪಾಸಿಟಿವ್ ಬಂತು. ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೀಗೆ ಕೀಲುಗಳಿಗೆ ಬರುವುದು ಸಾಮಾನ್ಯವಂತೆ. ಆರ್.ಎ. ಫ್ಯಾಕ್ಟರ್ ಕೂಡ ಇದರಿಂದ ಸ್ವಲ್ಪ ಕಾಲ ಏರಬಹುದು.

ಗೂಗಲ್ ಮಾಡಿದರೆ ಬರೀ ನಾಯಿಗಳೇ ಬಂದವು. ಸೊಸೈಟಿಯ ನಾಯಿಮರಿ ಜೊತೆ ಆಡಿದ್ದಕ್ಕೆ ನಮ್ಮವರು ಮಗಳನ್ನು ಗದರಿದ್ದೂ ಆಯಿತು. ಪಾಪ, ಅದರದೇನೂ ತಪ್ಪಿಲ್ಲ. ನಾಯಿಗಳ ಪಾರ್ವೊ ಬೇರೆ, ಅದು ನಮಗೆ ಬರುವುದಿಲ್ಲ. ಬಿ19 ಮನುಷ್ಯರದ್ದೇ, ಕೆಮ್ಮು, ಸೀನಿನಿಂದ ಹರಡುತ್ತದೆ. 1975ರಲ್ಲಿ ಲಂಡನ್ನಿನಲ್ಲಿ ಇವೋನ್ ಕೊಸಾರ್ಟ್ ಎಂಬ ವಿಜ್ಞಾನಿ ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಿದ್ದಾಗ ಅಕಸ್ಮಾತ್ ಸಿಕ್ಕಿದ್ದು. ರಕ್ತದ ಮಾದರಿಯ ಗುರುತೇ ಹೆಸರಾಯಿತು. ಇದರ ಇಡೀ ಜೀನೋಮ್ ಸುಮಾರು 5,600 ಅಕ್ಷರ. ನಾವು ಬರೆಯುವ ಒಂದು ಲಾಗಿನ್ ಪುಟದ ಕೋಡ್ ಇದಕ್ಕಿಂತ ಉದ್ದ ಇರುತ್ತದೆ!

ಇದು ನುಗ್ಗುವುದು ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣವಾಗಿ ಬೆಳೆಯುತ್ತಿರುವ ಕೋಶಗಳಿಗೆ. ಒಂದು ವಾರದಷ್ಟು ಕಾಲ ಹೊಸ ಕಣಗಳ ತಯಾರಿ ನಿಲ್ಲುತ್ತದೆ. ಆರೋಗ್ಯವಂತರ ಕೆಂಪುಕಣಕ್ಕೆ ಸುಮಾರು 120 ದಿನ ಆಯುಷ್ಯ, ಹಾಗಾಗಿ ಗೊತ್ತೇ ಆಗುವುದಿಲ್ಲ. ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಲ್ಲಿ ಅದು 10-20 ದಿನ ಮಾತ್ರ; ಅವರ ಹಿಮೋಗ್ಲೋಬಿನ್ ದಿಢೀರನೆ ಕುಸಿದು ತುರ್ತಾಗಿ ರಕ್ತ ಕೊಡಬೇಕಾಗುತ್ತದೆ. ನಮ್ಮ ಚಾಮರಾಜನಗರದ ಕಾಡಂಚಿನಲ್ಲೂ, ಇಲ್ಲಿಯ ಗಡಚಿರೋಲಿ, ನಂದುರಬಾರಿನಲ್ಲೂ ಈ ಕಾಯಿಲೆಯ ಮನೆಗಳಿವೆ.

ನನ್ನದು ಸಂಧಿವಾತವಲ್ಲ ಎಂಬ ಸಮಾಧಾನ ಮನೆ ತಲುಪುವವರೆಗೂ ಉಳಿಯಲಿಲ್ಲ. ಮಗಳಿಗೆ ನೆಗಡಿ ಇದ್ದ ಆ ಶನಿವಾರ, ಭಾನುವಾರ ನಾದಿನಿ ನಮ್ಮಲ್ಲೇ ಇದ್ದಳು. ನಾಲ್ಕು ತಿಂಗಳ ಬಸುರಿ. ಸೊಸೆಯನ್ನು ಪಕ್ಕದಲ್ಲೇ ಮಲಗಿಸಿಕೊಂಡಿದ್ದಳು. ರೋಗ ಹರಡುವುದು ಆ ನೆಗಡಿಯ ದಿನಗಳಲ್ಲೇ. ಕೆನ್ನೆ ಕೆಂಪಾಗುವ ಹೊತ್ತಿಗೆ ಹರಡುವ ಕಾಲ ಮುಗಿದಿರುತ್ತದೆ. ಬಸುರಿನ ಮೊದಲ 20 ವಾರಗಳಲ್ಲಿ ತಗುಲಿದರೆ ಕೆಲವರಲ್ಲಿ ಹೊಟ್ಟೆಯೊಳಗಿನ ಮಗುವಿಗೆ ರಕ್ತಹೀನತೆಯಾಗಿ ಮೈಯಲ್ಲಿ ನೀರು ತುಂಬಬಹುದು, ಮಗು ಉಳಿಯದೆಯೂ ಹೋಗಬಹುದು.

ಇದನ್ನು ಅವಳಿಗೆ ಹೇಗೆ ಹೇಳಲಿ? ಅತ್ತೆಯವರ ಮುಖ ನೋಡುವ ಧೈರ್ಯವಿರಲಿಲ್ಲ. ಕೊನೆಗೆ ಫೋನ್ ಮಾಡಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, “ವೈನಿ, ನೀವು ಅಳಬ್ಯಾಡ್ರಿ, ಮೊದಲು ಟೆಸ್ಟ್ ಮಾಡಸ್ತೀನಿ” ಅಂದಳು. ವರದಿ ಬರುವ ಮೂರು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಐಜಿಜಿ ಇತ್ತು, ಐಜಿಎಂ ಇರಲಿಲ್ಲ. ಎಂದೋ ಹಿಂದೆ ಅವಳಿಗೆ ಬಂದು ಹೋಗಿ, ದೇಹ ರಕ್ಷಣೆ ಪಡೆದಿತ್ತು. ಅನೇಕ ದೊಡ್ಡವರಿಗೆ ಹೀಗೇ ಇರುತ್ತದೆ. ಇಲ್ಲದವರಿಗೆ ಸೋಂಕು ತಗುಲಿದರೆ ಮೇಲಿಂದ ಮೇಲೆ ಸ್ಕ್ಯಾನ್ ಮಾಡಿ ಮಗುವನ್ನು ಗಮನಿಸುತ್ತಾರೆ. ಬೇಕಾದರೆ ಗರ್ಭದಲ್ಲಿರುವಾಗಲೇ ಮಗುವಿಗೆ ರಕ್ತ ಕೊಡುತ್ತಾರೆ.

ಇದಕ್ಕೆ ಲಸಿಕೆ ಇಲ್ಲ. ನನ್ನ ಬೆರಳು ಸರಿಹೋಗಲು ಒಂಬತ್ತು ವಾರ ಹಿಡಿಯಿತು, ನೋವಿನ ಮಾತ್ರೆ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಹಾಗೆಂದು ಸಂಧಿವಾತ ಇರುವವರು ಔಷಧಿ ನಿಲ್ಲಿಸಬೇಡಿ, ದಯವಿಟ್ಟು! ಹೊಸದಾಗಿ ಕೀಲು ಬಾತಿದ್ದರೆ ಡಾಕ್ಟರ್‌ಗೆ ಮನೆಯ ಮಕ್ಕಳ ಸುದ್ದಿಯನ್ನೂ ಹೇಳಿ. ನಾದಿನಿಯ ಮಗನಿಗೆ ಈಗ ಎಂಟು ತಿಂಗಳು, ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿರುವವನು ಅವನೇ. ಪ್ರಶ್ನೆಗಳಿದ್ದರೆ ಕೇಳಿ, ನನಗೆ ತಿಳಿಯದ್ದಕ್ಕೆ ನಮ್ಮ ಸಂಘದ ಡಾಕ್ಟರ್ ಅಕ್ಕಂದಿರು ಇಲ್ಲೇ ಕೂತಿದ್ದಾರೆ.