ಮಕ್ಕಳ ಮನಸ್ಸಿನ ಮಾತನ್ನು ಕೇಳುವವರಾರು?
(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತಿಗೆ ಸೇರುವ ಈ ಸಭೆಯಲ್ಲಿ ಮಕ್ಕಳ ಮನಸ್ಸಿನ ಸಂಗತಿ ಏಕೆಂದು ಕೆಲವರು ಕೇಳಿದರು. 2022ರ ಒಂದೇ ವರ್ಷದಲ್ಲಿ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಪರೀಕ್ಷೆಯಲ್ಲಿ ನಪಾಸಾದುದೇ ಕಾರಣವೆಂದು ದಾಖಲಾದ ಸಾವುಗಳು 2,248. ಅಂದಮೇಲೆ ಅಂಕಪಟ್ಟಿಯೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ.

ರಾತ್ರಿಪಾಳಿ ಮುಗಿಸಿ ಬಂದ ತಂದೆ ಮಲಗುವ ಹೊತ್ತಿಗೆ ಮಗ ಶಾಲೆಗೆ ಹೊರಟಿರುತ್ತಾನೆ. ಅಂಗಡಿಯ ಬಾಗಿಲು ಹಾಕಿ ಬರುವಷ್ಟರಲ್ಲಿ ಮಗಳಿಗೆ ನಿದ್ದೆ. ಮನೆಯ ಸಾಲವನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ; ಆದರೆ ಸಾಲ ಕೊಟ್ಟವನು ಹೊಸ್ತಿಲಲ್ಲಿ ನಿಂತು ಆಡಿದ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ಆ ಭಾರ ಹೊತ್ತು ತರಗತಿಯಲ್ಲಿ ಕುಳಿತ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸಿದರೆ, ಅದು ಯಾರ ಬಳಿ ಹೇಳಿಕೊಳ್ಳಬೇಕು? ಮೇಷ್ಟರನ್ನು ಬೈದು ಪ್ರಯೋಜನವಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಎಲ್ಲವೂ ಅವರ ಹೆಗಲಿಗೇ ಬಿದ್ದಿವೆ.

ಹಣವುಳ್ಳವರು ಆಪ್ತಸಮಾಲೋಚಕರನ್ನು ಶಾಲೆಯ ಶುಲ್ಕದೊಡನೆಯೇ ಕೊಳ್ಳುತ್ತಾರೆ. ಈ ಸಮಾಲೋಚಕರು ಮಾಡುವುದು ಪವಾಡವೇನಲ್ಲ. ಮಗುವನ್ನು ಕೂರಿಸಿಕೊಂಡು, ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಕೇಳಿದ್ದನ್ನು ಊರಿಗೆಲ್ಲ ಸಾರುವುದಿಲ್ಲ. ಅಪಾಯ ಕಂಡರೆ ಮನೆಯವರಿಗೂ ವೈದ್ಯರಿಗೂ ತಿಳಿಸುತ್ತಾರೆ. ಊಟ, ನಿದ್ದೆ, ಗೆಳೆತನ ಬಿಟ್ಟ ಮಗುವನ್ನು ಹೊತ್ತು ಮೀರುವ ಮೊದಲೇ ಗುರುತಿಸುವುದು ಅವರ ಕಸುಬು. ಕಾರ್ಮಿಕನ ಮಗುವಿಗೆ ಇದು ಬೇಡವೇ?

ಇದು ಇನ್ನು ದಯೆಯ ಮಾತಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿತು: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಏರ್ಪಾಡು ಮಾಡಿಕೊಳ್ಳಬೇಕು. ಆದರೆ ಕಾಗದದ ಆಜ್ಞೆ ತಾನಾಗಿ ನಡೆದು ಶಾಲೆಯ ಬಾಗಿಲಿಗೆ ಬರುವುದಿಲ್ಲ. ಎಂಟು ಗಂಟೆಯ ದುಡಿಮೆಯ ಕಾನೂನು ಗಿರಣಿಯೊಳಗೆ ಹೇಗೆ ಬಂತೆಂಬುದು ನಿಮಗೆ ಗೊತ್ತು. ಇರುವ ಮೇಷ್ಟರೊಬ್ಬರಿಗೇ ಸಮಾಲೋಚಕರೆಂಬ ಹೆಸರಿಟ್ಟು ಕೈತೊಳೆದುಕೊಳ್ಳುವುದನ್ನು ನಾವು ಒಪ್ಪಕೂಡದು.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರ್ಕಾರಿ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರಬೇಕು. ಮುಂದಿನ ಎಸ್.ಡಿ.ಎಂ.ಸಿ. ಸಭೆಗೆ ಒಂದು ಪಾಳಿಯ ಕೂಲಿ ಹೋದರೂ ಹೋಗೋಣ. ನಮ್ಮ ಶಾಲೆಯ ಸಮಾಲೋಚಕರು ಯಾರು, ಯಾವ ದಿನ ಬರುತ್ತಾರೆ, ಸಂಬಳ ಯಾವ ಬಾಬಿನಿಂದ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ. ಅಷ್ಟರೊಳಗೆ ಮಗುವೊಂದು ಕಂಗೆಟ್ಟಿದ್ದರೆ 14416ಕ್ಕೆ ಫೋನು ಮಾಡಿರಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ; ಹಗಲಿರುಳು ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಕಾಸು ಕೊಡಬೇಕಿಲ್ಲ. ಆ ಸಂಖ್ಯೆಯನ್ನು ಅಂಗಡಿಯವರು ತಕ್ಕಡಿಯ ಪಕ್ಕದಲ್ಲಿಯೂ, ಕಾರ್ಮಿಕರು ಗಿರಣಿಯ ಗೇಟಿನಲ್ಲಿಯೂ ಈ ವಾರವೇ ಬರೆದು ಹಾಕಬೇಕು.