ಹರೆಯದವರ ಮೇಲಿನ ಮೂರು ದೂರುಗಳು



ಬಾಲ್ಯವು ಕಳೆದು, ಪ್ರೌಢವಯಸ್ಸು ಇನ್ನೂ ಕೈಗೂಡದಿರುವ ನಡುಗಾಲವೇ ಹರೆಯ. ವಿಶ್ವ ಆರೋಗ್ಯ ಸಂಸ್ಥೆಯವರು ಇದನ್ನು 10ರಿಂದ 19 ವರ್ಷಗಳವರೆಗೆ ಎಣಿಸುತ್ತಾರೆ. ನಮ್ಮ ಹಿರಿಯರ ಪಾಲಿಗೆ ಈ ಕಾಲವು ಬಹು ಮೊಟಕಾಗಿದ್ದಿತು. ಎಷ್ಟೋ ಮನೆಗಳಲ್ಲಿ ಹುಡುಗಿಯು ಮೈನೆರೆಯುವ ಮೊದಲೇ ಸೊಸೆಯಾಗುತ್ತಿದ್ದಳು. ಹುಡುಗನು ಮೀಸೆ ಮೂಡುವ ಮೊದಲೇ ತಂದೆಯ ಕಸುಬಿಗೆ ಕೈಹಾಕುತ್ತಿದ್ದನು. ಮೈಸೂರು ಸಂಸ್ಥಾನದ 1894ರ ನಿಬಂಧನೆಯು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಶಾಸನವು ಹುಡುಗಿಯರಿಗೆ 14 ವರ್ಷಗಳ ಮಿತಿಯನ್ನು ಗೊತ್ತುಮಾಡಿತು. 1978ರ ತಿದ್ದುಪಡಿಯಿಂದ ದೇಶದಲ್ಲಿ ಅದು 18ಕ್ಕೆ ಏರಿತು. ಹೀಗೆ ಕಾನೂನೂ ಶಾಲೆಯೂ ಕೂಡಿ ನಮ್ಮ ಮಕ್ಕಳಿಗೆ ಬೆಳೆಯಲು ಕೆಲವು ವರ್ಷಗಳನ್ನು ಗಳಿಸಿಕೊಟ್ಟಿವೆ. ಆ ವರ್ಷಗಳಲ್ಲಿ ಅವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ನಾವು ಇನ್ನೂ ಪೂರ್ತಿಯಾಗಿ ಕಲಿತಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುವವರ ಬಳಿಗೆ ತಂದೆತಾಯಿಗಳು ತರುವ ದೂರುಗಳು ಬಹುಮಟ್ಟಿಗೆ ಮೂರೇ.

ಮೊದಲನೆಯದು: “ಹುಡುಗನು ಬೆಳಗ್ಗೆ ಏಳುವುದಿಲ್ಲ, ಸೋಮಾರಿ.” ನಿದ್ರೆಯನ್ನು ಕರೆತರುವ ಮೆಲಟೋನಿನ್ ಎಂಬ ರಸವು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಆದುದರಿಂದ ನಿದ್ರೆಯೂ ತಡವಾಗಿ ಬರುತ್ತದೆ, ಎಚ್ಚರವೂ ತಡವಾಗಿ ಆಗುತ್ತದೆ. ಇದನ್ನರಿತೇ ಅಮೆರಿಕದ ಮಕ್ಕಳ ವೈದ್ಯರ ಸಂಘವು 2014ರಲ್ಲಿ, ಈ ವಯಸ್ಸಿನವರ ಶಾಲೆಗಳು ಎಂಟೂವರೆಗಿಂತ ಮುಂಚೆ ಆರಂಭವಾಗಬಾರದೆಂದು ಸಲಹೆಯಿತ್ತಿತು. ನಾವಾದರೋ ಆರು ಗಂಟೆಗೇ ಅವರನ್ನು ಮನೆಪಾಠಕ್ಕೆ ಅಟ್ಟುತ್ತೇವೆ! ಮೊಬೈಲಿನ ಬೆಳಕು ನಿದ್ರೆಯನ್ನು ಇನ್ನಷ್ಟು ದೂರ ನೂಕುತ್ತದೆಂಬುದೂ ನಿಜ. ಆ ಯಂತ್ರವು ರಾತ್ರಿ ಮಲಗುವ ಕೋಣೆಯ ಹೊರಗಿರಲಿ. ತಂದೆಯ ಯಂತ್ರವೂ ಅದರ ಪಕ್ಕದಲ್ಲಿಯೇ ಇರಲಿ.

ಎರಡನೆಯದು: “ನಮ್ಮ ಮಾತಿಗಿಂತ ಗೆಳೆಯರ ಮಾತೇ ಹೆಚ್ಚು.” ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕಾರು ಓಡಿಸುವ ಯಂತ್ರದಾಟವೊಂದನ್ನು ಬೇರೆ ಬೇರೆ ವಯಸ್ಸಿನವರಿಂದ ಆಡಿಸಿ ನೋಡಿದಾಗ, ಜೊತೆಗಾರರ ಸಮ್ಮುಖದಲ್ಲಿ ಎಳೆಯರು ಒಂಟಿಯಾಗಿದ್ದಾಗಿಗಿಂತ ಬಹಳ ಹೆಚ್ಚಾಗಿ ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಅಂತಹ ವ್ಯತ್ಯಾಸವು ಕಾಣಲಿಲ್ಲ. ಹಿಂದುಮುಂದು ಯೋಚಿಸುವ ಮಿದುಳಿನ ಮುಂಭಾಗವು ಇಪ್ಪತ್ತರ ನಂತರವೂ ಬಲಿಯುತ್ತಲೇ ಇರುತ್ತದೆ. ಮೆಚ್ಚಿಗೆಯ ಹಸಿವು ಅದಕ್ಕಿಂತ ಮೊದಲೇ ಕೆರಳಿರುತ್ತದೆ. ಗೆಳೆತನವನ್ನು ನಿಷೇಧಿಸಿ ಫಲವಿಲ್ಲ. ಗೆಳೆಯರನ್ನು ಮನೆಗೆ ಕರೆದು ಉಪಾಹಾರ ಕೊಟ್ಟು ಪರಿಚಯಮಾಡಿಕೊಂಡರೆ ಫಲವುಂಟು. ಮೋಟಾರು ಸೈಕಲ್ಲಿನ ಬೀಗದಕೈಯನ್ನು ಮಾತ್ರ ಹಿರಿಯರೇ ಇಟ್ಟುಕೊಳ್ಳಬೇಕು.

ಮೂರನೆಯದು: “ಮಗಳು ಬಾಗಿಲು ಹಾಕಿಕೊಳ್ಳುತ್ತಾಳೆ, ಏನನ್ನೂ ಹೇಳುವುದಿಲ್ಲ.” ಮೈ ಬದಲಾಗುತ್ತಿದೆ, ಮುಖದಲ್ಲಿ ಮೊಡವೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಸಂಕೋಚ. ‘ನಾನು ಯಾರು?’ ಎಂಬ ಪ್ರಶ್ನೆಯೇ ಈ ವಯಸ್ಸಿನ ಮುಖ್ಯ ಹೋರಾಟವೆಂದು ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಅದಕ್ಕೆ ಉತ್ತರ ಹುಡುಕಲು ಕೊಂಚ ಏಕಾಂತವೂ ಬೇಕು. ಆದರೆ ಏಕಾಂತ ಬೇರೆ, ಕುಗ್ಗುವಿಕೆ ಬೇರೆ. ಊಟ, ನಿದ್ರೆ, ಆಟ, ಗೆಳೆತನ ಇವೆಲ್ಲವೂ ವಾರಗಟ್ಟಲೆ ಬೇಡವಾದರೆ ಅದು ಹಟವಲ್ಲ, ವ್ಯಾಧಿಯಿರಬಹುದು. ಆಗ ಉಪದೇಶವನ್ನು ಬಿಟ್ಟು ವೈದ್ಯರನ್ನು ಕಾಣಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯನ್ನು 14416ಕ್ಕೆ ದೂರವಾಣಿ ಮಾಡಿ ವಿಚಾರಿಸಬಹುದು.

ಈ ಮೂರು ದೂರುಗಳಿಗೂ ಉತ್ತರ ಕೊಡಬೇಕಾಗಿ ಬರುವ ದಿನವೊಂದಿದೆ. ಅದು ಪರೀಕ್ಷೆಯ ಫಲಿತಾಂಶದ ದಿನ. ನಪಾಸಾದ ಹುಡುಗನಿಗೆ ಮರುಪರೀಕ್ಷೆಯುಂಟು, ಬೇರೆ ವಿಷಯವುಂಟು, ಬೇರೆ ವೃತ್ತಿಯೂ ಉಂಟು. ಆದರೆ ಆ ಸಂಜೆ ಮನೆಗೆ ಮರಳುವ ಧೈರ್ಯವು ಅವನಿಗಿರಬೇಕು. ಅದು ಆ ದಿನದ ಒಂದು ಒಳ್ಳೆಯ ಮಾತಿನಿಂದ ಹುಟ್ಟುವುದಲ್ಲ. ಸೋಮಾರಿ, ಅವಿಧೇಯ, ಕಪಟಿ ಎಂದು ಐದು ವರ್ಷ ಕೇಳಿಸಿಕೊಂಡವನು ಆ ಸಂಜೆ ಮನೆಯ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುವ ಭಯವುಂಟು. ಇಂತಹ ಶೋಕವನ್ನು ಕಂಡ ಮನೆಗಳು ನಮ್ಮ ಊರುಗಳಲ್ಲಿ ಇಲ್ಲದಿಲ್ಲ.

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ಹಳೆಯ ನೀತಿಯನ್ನು ನಾವೆಲ್ಲರೂ ಬಲ್ಲೆವು. ಮಗಳಿಗೂ ಅದು ಸಲ್ಲಬೇಕು. ಹದಿನಾರರವರೆಗೆ ಕಾಯಬೇಕಾಗಿಯೂ ಇಲ್ಲ. ಫಲಿತಾಂಶ ಬರುವುದಕ್ಕೆ ಮುಂಚೆಯೇ, ಇಂದು ರಾತ್ರಿಯ ಊಟದ ಹೊತ್ತಿನಲ್ಲಿ, ಅಂಕಗಳ ವಿಚಾರವನ್ನೆತ್ತದೆ ಮಕ್ಕಳೊಡನೆ ಅರ್ಧ ಗಂಟೆ ಮಾತನಾಡಿರಿ. ಮಾತು ಸಾಗದಿದ್ದರೆ ಸುಮ್ಮನೆ ಜೊತೆಯಲ್ಲಿ ಕುಳಿತಿರಿ. ಅಷ್ಟರಿಂದಲೂ ಅವರಿಗೆ ತಿಳಿಯಬೇಕಾದದ್ದು ತಿಳಿಯುತ್ತದೆ.