ಜಾಹೀರಾತಿನ ಕಣ್ಣೀರು

'ಜಾಹೀರಾತು' ಎಂಬ ಶಬ್ದ ಕನ್ನಡದ ಮನೆಗೆ ಹೊರಗಿನಿಂದ ಬಂದು ನೆಲೆನಿಂತದ್ದು. ಅದರ ಬೇರು ಅರಬ್ಬಿಯ 'ಜಾಹಿರ್' ಎಂಬ ಮಾತಿನಲ್ಲಿದೆ. ಬಯಲಾದದ್ದು, ಎಲ್ಲರ ಕಣ್ಣಿಗೂ ಕಾಣುವಂಥದ್ದು ಎಂದು ಅದರ ಅರ್ಥ. ಸಂತೆಯಲ್ಲಿ ನಿಂತು ಸರಕಿನ ಹೆಸರು, ಗುಣ, ಬೆಲೆ ಮೂರನ್ನೂ ಕೂಗಿ ಹೇಳುವ ವ್ಯಾಪಾರಿಯ ಮಾತಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತಿತ್ತು. ಇಂದಿನ ದೂರದರ್ಶನದ ಜಾಹೀರಾತಿಗೆ ಅಷ್ಟಾಗಿ ಒಪ್ಪುವುದಿಲ್ಲ. ಅದು ಸರಕಿನ ಹೆಸರನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು ಮೊದಲು ಒಂದು ಕಥೆಯನ್ನು ಹೇಳುತ್ತದೆ. ನೋಡುತ್ತಿರುವವರ ಕಣ್ಣಲ್ಲಿ ನೀರು ತರಿಸುತ್ತದೆ. ಆ ನೀರು ಆರುವ ಮೊದಲೇ ಅಂಗಡಿಯ ಹೆಸರನ್ನು ಮುಂದಿಡುತ್ತದೆ. ಹಬ್ಬಗಳು ಬಂದಾಗ ಇಂಥವುಗಳ ಸಂಖ್ಯೆ ಹೆಚ್ಚು. ಇವುಗಳಲ್ಲಿ ಕೆಲವು ಬಂದಾಗ ಜನ ಎರಡು ಪಾಲಾಗುತ್ತಾರೆ: ಒಂದು ಪಾಲು ಕಣ್ಣೊರಸಿಕೊಳ್ಳುತ್ತದೆ, ಇನ್ನೊಂದು ಕಣ್ಣು ಕೆಂಪಗೆ ಮಾಡಿಕೊಳ್ಳುತ್ತದೆ. ಈ ಭೇದವನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಹೇಗೆ ಕಂಡೆನೆಂಬುದನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಮೊದಲು ದೂರದ ಒಂದು ನಿದರ್ಶನ. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಸಮೀಪಿಸಿತೆಂದರೆ ದೊಡ್ಡ ಅಂಗಡಿಗಳು ಒಂದೊಂದು ಕಿರುಚಿತ್ರವನ್ನು ದೂರದರ್ಶನದಲ್ಲಿ ಬಿತ್ತರಿಸುವ ವಾಡಿಕೆಯಿದೆ. 2014ರಲ್ಲಿ ಸೇನ್ಸ್‌ಬರಿ ಎಂಬ ವ್ಯಾಪಾರ ಸಂಸ್ಥೆ ಆರಿಸಿಕೊಂಡ ವಸ್ತು ಮೊದಲನೆಯ ಮಹಾಯುದ್ಧದ್ದು. 1914ರ ಕ್ರಿಸ್ಮಸ್ ಸಮಯದಲ್ಲಿ ಪಶ್ಚಿಮ ರಣರಂಗದ ಹಲವು ಕಡೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಮೇಲಧಿಕಾರಿಗಳ ಅಪ್ಪಣೆಗೆ ಕಾಯದೆ ಬಂದೂಕನ್ನು ಕೆಳಗಿಟ್ಟು, ಕಂದಕದಿಂದ ಮೇಲೆದ್ದು ಬಂದು ಕೈಕುಲುಕಿದ್ದು ಇತಿಹಾಸ. ಜಾಹೀರಾತಿನಲ್ಲಿಯೂ ಅದೇ ದೃಶ್ಯ. ಹಿಮದ ಬಯಲಿನಲ್ಲಿ ಚೆಂಡಾಟ. ಬೀಳ್ಕೊಂಡ ಮೇಲೆ ಜರ್ಮನ್ ಯುವಕನ ಕೋಟಿನ ಜೇಬಿನಲ್ಲಿ ಅವನಿಗೆ ತಿಳಿಯದಂತೆ ಇಟ್ಟ ಒಂದು ಚಾಕೊಲೇಟು. ಅಂಥದೇ ಚಾಕೊಲೇಟನ್ನು ಅಂಗಡಿ ಮಾರಾಟಕ್ಕಿಟ್ಟಿತು. ಲಾಭವನ್ನು ಮಾಜಿ ಸೈನಿಕರ ನೆರವಿನ ಸಂಸ್ಥೆಯಾದ ರಾಯಲ್ ಬ್ರಿಟಿಷ್ ಲೀಜನ್ನಿಗೆ ಕೊಟ್ಟಿತು. ಅಸಂಖ್ಯಾತರು ಮೆಚ್ಚಿದರು. ಆದರೆ ಏಳು ನೂರಕ್ಕೂ ಹೆಚ್ಚು ಮಂದಿ ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಬರೆದರು. ಲಕ್ಷಾಂತರ ತರುಣರು ಮಣ್ಣಾದ ಕಂದಕವನ್ನು ದಿನಸಿ ಅಂಗಡಿಯ ಹೊಸ್ತಿಲು ಮಾಡಬಹುದೇ ಎಂಬುದು ಅವರ ಪ್ರಶ್ನೆ. ನಿಯಂತ್ರಣ ಸಂಸ್ಥೆ ಅದನ್ನು ತಡೆಯಲು ಕಾರಣ ಕಾಣಲಿಲ್ಲ. ಪ್ರಶ್ನೆ ಮಾತ್ರ ಉಳಿಯಿತು.

ಇನ್ನು ನಮ್ಮ ದೇಶದ ಮಾತು. 2019ರ ಹೋಳಿಗೆ ಮುಂಚೆ ಹಿಂದೂಸ್ತಾನ್ ಯೂನಿಲಿವರ್ ಸಂಸ್ಥೆಯ ಸರ್ಫ್ ಎಕ್ಸೆಲ್ ಸಾಬೂನು ಪುಡಿಯ ಜಾಹೀರಾತು ಬಂತು. ಬಿಳಿಯ ಉಡುಪಿನ ಪುಟ್ಟ ಹುಡುಗಿ ಸೈಕಲ್ಲಿನ ಮೇಲೆ ಓಣಿಯೊಳಗೆ ಬಂದು, ಓರಗೆಯ ಮಕ್ಕಳ ಬಣ್ಣವೆಲ್ಲ ತೀರುವವರೆಗೂ ತಾನೇ ತೋಯಿಸಿಕೊಂಡು, ಆಮೇಲೆ ನಮಾಜಿಗೆ ಹೋಗಬೇಕಾದ ಗೆಳೆಯನನ್ನು ಬಣ್ಣ ತಾಗದಂತೆ ಮಸೀದಿಯ ಬಾಗಿಲಿಗೆ ಮುಟ್ಟಿಸುತ್ತಾಳೆ. ಮೆಚ್ಚಿದವರಷ್ಟೇ ಮಂದಿ ಮುನಿದರು. ಬಹಿಷ್ಕಾರದ ಕರೆ ಹೊರಟಿತು. ಆ ಸಿಟ್ಟಿನ ಭರದಲ್ಲಿ ಕೆಲವರು ಹೆಸರಿನ ಹೋಲಿಕೆಗೆ ಮರುಳಾಗಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಲು ಬಳಸುವ 'ಎಕ್ಸೆಲ್' ಎಂಬ ಬೇರೊಂದು ಸಂಸ್ಥೆಯ ಸಾಧನವನ್ನೇ ಹಳಿದು ಬರೆದರಂತೆ. ಕೇಳಿದವರು ನಕ್ಕರು. ಆದರೆ ಯಾರನ್ನು ಬೈಯುತ್ತಿದ್ದೇವೆಂದು ಓದಿ ನೋಡುವಷ್ಟು ವ್ಯವಧಾನವೂ ಇಲ್ಲದ ಸಿಟ್ಟು ನಗುವ ಸಂಗತಿಯಲ್ಲ.

ಮರುವರ್ಷ, 2020ರ ಅಕ್ಟೋಬರಿನಲ್ಲಿ, ತನಿಷ್ಕ್ ಆಭರಣದ ಜಾಹೀರಾತು. ಇದು ನಮ್ಮ ಬೆಂಗಳೂರಿನಲ್ಲಿಯೇ ಮುಖ್ಯ ಕಚೇರಿಯುಳ್ಳ ಟೈಟಾನ್ ಸಂಸ್ಥೆಯದು. ಮುಸಲ್ಮಾನರ ಮನೆಗೆ ಸೊಸೆಯಾಗಿ ಬಂದ ಹಿಂದೂ ಹೆಣ್ಣು ಗರ್ಭಿಣಿ. ಅವಳಿಗಾಗಿ ಅತ್ತೆ ಸೀಮಂತದ ಏರ್ಪಾಡು ಮಾಡಿದ್ದಾಳೆ. ಈ ಶಾಸ್ತ್ರ ನಿಮ್ಮ ಮನೆಯಲ್ಲಿ ಇಲ್ಲವಲ್ಲ ಎಂದು ಸೊಸೆ ಕೇಳುತ್ತಾಳೆ. ಮಗಳನ್ನು ಸಂತೋಷವಾಗಿಡುವ ಶಾಸ್ತ್ರ ಎಲ್ಲ ಮನೆಯಲ್ಲಿಯೂ ಉಂಟಲ್ಲ ಎಂಬರ್ಥದ ಮಾತನ್ನು ಅತ್ತೆ ಆಡುತ್ತಾಳೆ. ಒಂದು ನಿಮಿಷವೂ ಇಲ್ಲದ ಈ ಚಿತ್ರಕ್ಕೆ ಆದ ಗದ್ದಲವನ್ನು ತಾವೆಲ್ಲ ಬಲ್ಲಿರಿ. ಜಾಹೀರಾತು ಉದ್ಯಮವೇ 1985ರಲ್ಲಿ ಸ್ಥಾಪಿಸಿಕೊಂಡ ಗುಣಮಟ್ಟದ ಮಂಡಳಿ ದೂರನ್ನು ಪರಿಶೀಲಿಸಿ, ಇದರಲ್ಲಿ ಆಕ್ಷೇಪಾರ್ಹವಾದದ್ದೇನೂ ಇಲ್ಲವೆಂದಿತು. ಆದರೆ ಸಂಸ್ಥೆ ಚಿತ್ರವನ್ನು ಹಿಂತೆಗೆದುಕೊಂಡಿತು. ಜನರ ಮನಸ್ಸಿಗೆ ನೋವಾಗಿದೆ, ನೌಕರರ ಮತ್ತು ಅಂಗಡಿಯ ಸಿಬ್ಬಂದಿಯ ಕ್ಷೇಮ ಮುಖ್ಯ ಎಂಬುದು ಅದು ಕೊಟ್ಟ ಕಾರಣ.

ಆ ತರುವಾಯ ಒಮ್ಮೆ ಕೊಟ್ಟೂರಿನ ಸ್ನೇಹಿತರ ಮನೆಯಲ್ಲಿ ಈ ವಿಷಯ ಚರ್ಚೆಗೆ ಬಂತು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಇದನ್ನು ನೋಡಿ ಹೃದಯ ತುಂಬಿ ಬಂತೆಂದರು. ಬಟ್ಟೆ ವ್ಯಾಪಾರದ ಹಿರಿಯರು, ಯಾವಾಗಲೂ ಸೊಸೆ ಈ ಕಡೆಯವಳೇ ಏಕಾಗಬೇಕು ಎಂದು ಬಿರುಸಾಗಿ ಕೇಳಿದರು. ವಾದ ಏರುತ್ತಿದ್ದಾಗ, ಮಂಡಕ್ಕಿಯ ತಟ್ಟೆಗಳನ್ನು ತಂದಿಟ್ಟ ಆ ಮನೆಯ ಗೃಹಿಣಿ ಸಹಜವಾಗಿ ಕೇಳಿದ ಮಾತು ಇದು: "ಅಲ್ರೀ ಸರ, ಕುಬುಸ ಅಂದ್ರ ತವರಿನೋರು ಬುತ್ತಿ ಕಟ್ಟಿಕೊಂಡು ಬರ್ತಾರಲ್ಲ, ಆ ಹುಡುಗಿ ತವರುಮನಿ ಎಲ್ಲಿ ಹೋತು?" ನಾವು ಮೂವರೂ ಸುಮ್ಮನಾದೆವು. ಚಿತ್ರದಲ್ಲಿ ತವರಿನ ಮಾತೇ ಬರುವುದಿಲ್ಲ. ನಿಜವಾದ ಅಂಥ ಮದುವೆಯಲ್ಲಿ ಹೆಣ್ಣು ಪಡುವ ಸಂಕಟದ ಬಹುಭಾಗ ಇರುವುದು ಅಲ್ಲಿಯೇ: ಬುತ್ತಿ ಕಟ್ಟುವ ತಾಯಿ ಬಂದಳೇ, ಬಾರದೆ ಉಳಿದಳೇ? ಹೊಗಳಿದವರಿಗೂ ತೆಗಳಿದವರಿಗೂ ಕಾಣದಿದ್ದ ಕಥೆಯ ನಡುಬಿಂದು ಆ ತಾಯಿಗೆ ಕಂಡಿತು. ಕಾರಣ, ಅವರು ಚಿತ್ರವನ್ನು ತಮ್ಮ ಪಕ್ಷದ ಸಾಕ್ಷಿಯಾಗಿ ನೋಡಲಿಲ್ಲ, ಒಬ್ಬ ಬಸುರಿ ಹೆಂಗಸಿನ ಕಥೆಯೆಂದು ನೋಡಿದರು.

ಇಲ್ಲಿಗೆ ಕಾವ್ಯಮೀಮಾಂಸೆಯ ಬಾಗಿಲಿಗೆ ಬಂದೆವು. ಬಹುಕಾಲ ತರಗತಿಯಲ್ಲಿ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಪಾಠ ಹೇಳಿದವನು ನಾನು. ನಾಟಕವನ್ನು ನೋಡಿ ಅಳುವವನ ಕಣ್ಣೀರು ಎಂಥದು ಎಂಬ ಪ್ರಶ್ನೆಗೆ ಭಟ್ಟನಾಯಕ 'ಸಾಧಾರಣೀಕರಣ'ವೆಂಬ ಉತ್ತರವನ್ನು ಕೊಟ್ಟ. ರಂಗದ ಮೇಲಿನ ದುಃಖ ನನ್ನದೂ ಅಲ್ಲ, ಪರರದೂ ಅಲ್ಲ. ಲಾಭನಷ್ಟದ ಲೆಕ್ಕದಿಂದ ಬಿಡುಗಡೆಗೊಂಡು ಎಲ್ಲರಿಗೂ ಸಮಾನವಾದದ್ದು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ದ್ರೌಪದಿಯಾಗಿ ರಂಗದ ಮೇಲೆ ನಿಂತಾಗ ಸೀಮೆಯ ಜನ ಸುರಿಸಿದ ಕಣ್ಣೀರು ಅಂಥದು. ಆಗಲೂ ಜಾಹೀರಾತು ಇತ್ತು. ನಾಟಕದ ಕಂಪನಿ ಊರಿಗೆ ಬಂದರೆ ಗಾಡಿಯಲ್ಲಿ ಕರಪತ್ರ ಹಂಚುತ್ತ, ಇಂದು ರಾತ್ರಿ ಅಳಿಸುವ ನಾಟಕವಿದೆ ಬನ್ನಿ ಎಂದು ಕೂಗುತ್ತಿದ್ದರು. ಅಂದು ಜಾಹೀರಾತು ನಾಟಕದ ಸೇವೆಗಿತ್ತು. ಇಂದು ನಾಟಕವೇ ಜಾಹೀರಾತಿನ ಸೇವೆಗೆ ನಿಂತಿದೆ. ಕಥೆಯ ಉದ್ದಕ್ಕೂ ಲಾಭನಷ್ಟದಿಂದ ಬಿಡಿಸಿದ ಭಾವವನ್ನು ಕೊನೆಯ ಮೂರು ಕ್ಷಣಗಳಲ್ಲಿ ಮತ್ತೆ ತಕ್ಕಡಿಗೆ ಕಟ್ಟುವುದು ಅದರ ಕೌಶಲ. ಧ್ವನಿಯೆಂಬ ಮಾತನ್ನು 9ನೆಯ ಶತಮಾನದಷ್ಟು ಹಿಂದೆ ನಮ್ಮ 'ಕವಿರಾಜಮಾರ್ಗ'ವೇ ಎತ್ತಿದೆ. ಈ ಚಿತ್ರಗಳಿಗೂ ಧ್ವನಿಯುಂಟು. ಆದರೆ ಎಷ್ಟೇ ಬಗೆದರೂ ಕಟ್ಟಕಡೆಯಲ್ಲಿ ಸಿಕ್ಕುವ ವ್ಯಂಗ್ಯಾರ್ಥ ಒಂದೇ: ಕೊಳ್ಳಿರಿ.

ಹಾಗೆಂದು ವಿರೋಧಿಸಿದವರೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ವಿರೋಧದಲ್ಲಿಯೂ ಜಾತಿಭೇದವುಂಟು. ಇಂಗ್ಲೆಂಡಿನವರು ಎತ್ತಿದ್ದು ಔಚಿತ್ಯದ ಪ್ರಶ್ನೆ, ಅದು ವಿಮರ್ಶೆ. 2023ರ ಜೂನಿನಲ್ಲಿ, ಊಟವನ್ನು ಮನೆಗೆ ತಲುಪಿಸುವ ಜೊಮ್ಯಾಟೊ ಸಂಸ್ಥೆ, 'ಲಗಾನ್' ಚಿತ್ರದಲ್ಲಿ ಅಸ್ಪೃಶ್ಯನಾಗಿ ಬರುವ ಕಚರಾ ಎಂಬ ಪಾತ್ರಧಾರಿಯನ್ನು ದೀಪ, ಮೇಜು ಮೊದಲಾದ ಕಸದಿಂದ ಮಾಡಿದ ವಸ್ತುಗಳಾಗಿ ತೋರಿಸಿತು. ಮನುಷ್ಯನನ್ನು ಕಸವಾಗಿ ಕಂಡದ್ದನ್ನು ನೋಡಿ ಕೂಗಿಕೊಂಡವರದು ಪೆಟ್ಟು ತಿಂದವರ ಕೂಗು, ಅದನ್ನು ಕೇಳಲೇಬೇಕು. ಅಲ್ಲಿ ಸಂಸ್ಥೆ ಹಿಂದೆಗೆದದ್ದು ಯೋಗ್ಯ. ಆದರೆ 2021ರಲ್ಲಿ ಫ್ಯಾಬ್‌ಇಂಡಿಯಾ ಬಟ್ಟೆಯ ಸಂಗ್ರಹವೊಂದಕ್ಕೆ ಉರ್ದು ಹೆಸರನ್ನಿಟ್ಟದ್ದೇ ತಪ್ಪಾಯಿತು. ಅದೇ ತಿಂಗಳು ಸಿಯೆಟ್ ಟೈರಿನ ಜಾಹೀರಾತಿನಲ್ಲಿ ಅಮೀರ್ ಖಾನ್ ರಸ್ತೆಯ ಮೇಲೆ ಪಟಾಕಿ ಹಚ್ಚಬೇಡಿರೆಂದದ್ದಕ್ಕೆ, ಆಗ ಉತ್ತರ ಕನ್ನಡದ ಲೋಕಸಭಾ ಸದಸ್ಯರಾಗಿದ್ದ ಅನಂತಕುಮಾರ ಹೆಗಡೆಯವರು ಆ ಸಂಸ್ಥೆಗೆ ಪತ್ರ ಬರೆದು, ರಸ್ತೆಯಲ್ಲಿ ನಡೆಯುವ ನಮಾಜಿನ ಪ್ರಶ್ನೆಯನ್ನು ಎತ್ತಿದರು. ಇಲ್ಲಿ ಚಿತ್ರ ಯಾರನ್ನೂ ಕೀಳುಮಾಡಿರಲಿಲ್ಲ. ಉರ್ದುವಿನ ಹೆಸರು ಕೂಡದೆನ್ನುವುದಾದರೆ 'ಜಾಹೀರಾತು' ಎಂಬ ಶಬ್ದವನ್ನೂ ನಾವು ನಾಲಗೆಯಿಂದ ಇಳಿಸಬೇಕಾದೀತು. ಈ ಚಿತ್ರ ಕೆಟ್ಟದ್ದು ಎನ್ನುವುದಕ್ಕೂ ಈ ಚಿತ್ರ ಇರಲೇ ಕೂಡದು ಎನ್ನುವುದಕ್ಕೂ ದೂರ ಬಹಳ.

ಇನ್ನೊಂದು ಸಂಗತಿ. ತೋರಿಸಿದ್ದಕ್ಕೆ ನಾವು ಜಗಳವಾಡುತ್ತೇವೆ. ತೋರಿಸದೆ ಬಿಟ್ಟದ್ದಕ್ಕೆ ಆಡುವುದಿಲ್ಲ. ದೀಪಾವಳಿಯ ಜಾಹೀರಾತುಗಳಲ್ಲಿ ದೂರದ ಮಗ ಹಠಾತ್ತನೆ ಬಂದು ತಾಯಿಯ ಮುಂದೆ ನಿಲ್ಲುವುದುಂಟು. ಹರಪನಹಳ್ಳಿ, ಕೂಡ್ಲಿಗಿಯ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋದವರು ಹಬ್ಬಕ್ಕೆ ಮರಳುವ ಬಸ್ಸನ್ನು ಯಾವ ಸಂಸ್ಥೆಯೂ ತೋರಿಸಿದ್ದನ್ನು ನಾನು ಕಾಣೆ. ತುಂಗಭದ್ರೆಯ ಹಿನ್ನೀರಿನಲ್ಲಿ ಹುಟ್ಟಿದೂರು ಮುಳುಗಿ ಹಗರಿಬೊಮ್ಮನಹಳ್ಳಿಯ ಸುತ್ತ ನೆಲೆಸಿದ ಹಿರಿಯರಿಗಂತೂ ಮರಳಿ ಹೋಗುವ ಊರೇ ಇರಲಿಲ್ಲ. ಇವರ ಕಣ್ಣೀರಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದ್ದರಿಂದ ಇವರನ್ನು ಕುರಿತು ಜನ ಎರಡು ಪಾಲಾದದ್ದೂ ಇಲ್ಲ.

ಒಂದೇ ಮಾತಿಗೆ ಹಲವು ಅರ್ಥ ಹುಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಲೇ ಲಕ್ಷ ಜನರ ಸಾಗರ ಮೌನವಾಗುತ್ತದೆ. ಆಮೇಲೆ ಒಂದೇ ಒಂದು ವಾಕ್ಯದ ಕಾರ್ಣಿಕ. ರೈತ ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ರಾಜಕಾರಣಿ ಕುರ್ಚಿಯನ್ನು ಕಾಣುತ್ತಾನೆ. ವಾದಿಸುತ್ತಲೇ ಎಲ್ಲರೂ ಊರಿನ ದಾರಿ ಹಿಡಿಯುತ್ತಾರೆ. ಅಲ್ಲಿ ಮೊದಲು ಸದ್ದಡಗುತ್ತದೆ, ಆಮೇಲೆ ಮಾತು, ಆಮೇಲೆ ಅರ್ಥ. ಈಗಿನ ಗದ್ದಲಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ: ಅರ್ಥ ಮೊದಲೇ ಸಿದ್ಧವಾಗಿರುತ್ತದೆ, ಚಿತ್ರವನ್ನು ಪೂರ್ತಿ ನೋಡುವುದು ಕೊನೆಗೂ ಆಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಸಿಟ್ಟಿನವರ ಸಿಟ್ಟಲ್ಲ, ಮೆಚ್ಚಿದವರ ನಿರಾಳ. ಎರಡು ಮತದವರು ಕೂಡಿ ಬಾಳುವ ಚಿತ್ರವನ್ನು ನೋಡಿ ಕಣ್ಣೊರಸಿಕೊಂಡು, ನಾಲ್ವರಿಗೆ ಕಳಿಸಿ, ತಮ್ಮ ಕರ್ತವ್ಯ ಮುಗಿಯಿತೆಂದು ಅವರು ತಿಳಿದರು. ಸಾಮರಸ್ಯವನ್ನು ವರ್ತಕನ ವಶಕ್ಕೆ ಕೊಟ್ಟರೆ ಆಗುವುದೇನೆಂಬುದನ್ನು ಆ ಅಕ್ಟೋಬರಿನಲ್ಲಿ ನೋಡಿದೆವು. ಅವನಿಗೆ ಅಂಗಡಿಯ ಗಾಜು ಮುಖ್ಯ, ಅಂಗಡಿಯ ಹುಡುಗರ ಪ್ರಾಣ ಮುಖ್ಯ, ಅದು ತಪ್ಪಲ್ಲ. ಆದ್ದರಿಂದ ಕೊಟ್ಟದ್ದನ್ನು ಅವನು ಕೆಲವೇ ದಿನಗಳಲ್ಲಿ ಒಂದು ಪ್ರಕಟಣೆಯಿಂದ ಹಿಂತೆಗೆದುಕೊಳ್ಳಬಲ್ಲ.

ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮೊಹರಮ್ಮಿನಲ್ಲಿ ಅಲಾಯಿ ಕುಣಿ ತೋಡುತ್ತಾರೆ. ಪೀರಲ ದೇವರನ್ನು ಹೊರುವವರಲ್ಲಿ, ಸಕ್ಕರೆ ಓದಿಸುವವರಲ್ಲಿ, ಹರಕೆಗೆ ಹುಲಿವೇಷ ಹಾಕುವವರಲ್ಲಿ ಹಿಂದೂಗಳೇ ಬಹಳ. ನಮ್ಮ ಸೀಮೆ ಸ್ವರ್ಗವೆಂದು ಇದರಿಂದ ಹೇಳುತ್ತಿಲ್ಲ. ಅಲಾಯಿ ಕುಣಿಯ ಸುತ್ತ ಕೂಡಿ ಕುಣಿದವರೇ ಮರುದಿನ ಕೇರಿಯವರನ್ನು ದೂರ ನಿಲ್ಲಿಸಿದ್ದುಂಟು. ಹೊಲದ ಬದುವಿಗೆ, ಪಂಚಾಯ್ತಿ ಚುನಾವಣೆಗೆ ಬಡಿದಾಡಿದ್ದುಂಟು. ಆದರೂ ಆ ಹಬ್ಬವನ್ನು ಯಾರೂ ಮಾರಲು ತಂದವರಲ್ಲ; ಆದ್ದರಿಂದ ಮಾರಾಟ ಕುಸಿಯಿತೆಂದು ಯಾರೂ ಅದನ್ನು ಹಿಂತೆಗೆದುಕೊಳ್ಳಲಾರರು. ಅದು ನಿಂತರೆ ನಾವು ಕುಣಿ ತೋಡುವುದನ್ನು ಬಿಟ್ಟದ್ದರಿಂದಲೇ ನಿಲ್ಲಬೇಕು. ತನಿಷ್ಕಿನ ಚಿತ್ರ ಹೋಯಿತೆಂದು ಮರುಗಿದ ಸಹೃದಯರಲ್ಲಿ ನನ್ನ ಬಿನ್ನಹ ಇಷ್ಟು: ಮುಂದಿನ ಮೊಹರಮ್ಮಿಗೆ, ಮುಂದಿನ ಓಕುಳಿಗೆ, ಪಕ್ಕದ ಮನೆಯ ಬಸುರಿಯ ಕುಬುಸಕ್ಕೆ ತಾವು ಹೋಗಬೇಕು, ಸಾಧ್ಯವಾದರೆ ಬುತ್ತಿ ಕಟ್ಟಿಕೊಂಡು ಹೋಗಬೇಕು.